ಕೊಲೆಗಾರ ಯಾರಂತ ಕಾಕಾಗ ಗೊತ್ತೈತಿ

ಬೆಳಗಾವಿಯಲ್ಲಿ ಗಲ್ಲಿಗೊಬ್ಬ ಕಾಕಾ ಇದ್ದೇ ಇರುತ್ತಾರೆ. ಒಂದು ಗಲ್ಲಿಗೆ ರಾಜಕಾರಣದ ಕಾಕಾ, ಇನ್ನೊಂದಕ್ಕೆ ಸಕ್ಕರೆ ಕಾಯಿಲೆಗೆ ಹಾಗಲಕಾಯಿ ಹೇಳುವ ಕಾಕಾ. ಟಿಳಕವಾಡಿಯ ಎರಡನೇ ರೈಲ್ವೆ ಗೇಟಿನ ಆಸುಪಾಸಿನ ನಮ್ಮ ಪಾಲಿಗೆ ಬಂದವರು ಸಸ್ಪೆನ್ಸ್ ಕಾಕಾ.

ಇವರನ್ನು ಗುರುತಿಸುವುದು ಸುಲಭ. ಹೋಟೆಲಿನಲ್ಲಿ ಗೋಡೆಗೆ ಬೆನ್ನು ಹಚ್ಚಿ, ಬಾಗಿಲಿಗೆ ಮುಖ ಮಾಡಿಯೇ ಕೂಡುತ್ತಾರೆ. ಮಾಣಿ ತಂದಿಟ್ಟ ಚಹಾವನ್ನು ಮೊದಲು ಮೂಸುತ್ತಾರೆ. ಸಯನೈಡಿಗೆ ಕಹಿ ಬಾದಾಮಿಯ ವಾಸನೆ ಇರುತ್ತದೆಂದು ಎಂದೋ ಓದಿದ್ದಾರೆ. ಆ ಹೋಟೆಲಿನ ಚಹಾದಲ್ಲಿ ಶುಂಠಿಯ ವಾಸನೆ ಬಂದರೇ ಪುಣ್ಯ ಎಂದು ಮಾಣಿ ಗೊಣಗುತ್ತಾನೆ. ಪತ್ರಿಕೆ ಕೈಗೆ ಬಂದರೆ ನಿಧನವಾರ್ತೆಯಿಂದ ಓದು ಶುರು. ‘ಹೃದಯಾಘಾತ ಅಂತ ಬರದಾರ. ಬರೀಲಿಕ್ಕೇನ ರೊಕ್ಕ ಬೀಳತಾವು?’ ಜೂನ್ ಬಂದು ಜಿಟಿಜಿಟಿ ಮಳೆ ಹಿಡಿಯಿತೆಂದರೆ ಮೈಮೇಲೆ ಉದ್ದನೆಯ ರೇನ್‌ಕೋಟು ಏರುತ್ತದೆ. ಹಳೆಯ ಕಪ್ಪುಬಿಳುಪು ಪಿಕ್ಚರಿನ ಪತ್ತೇದಾರನ ಹಾಗೆ ಕಾಲರ್ ಎತ್ತಿಕೊಂಡು ದೀಪದ ಕಂಬದ ಕೆಳಗೆ ನಿಲ್ಲುತ್ತಾರೆ. ಹ್ಯಾಟಿನ ಜಾಗದಲ್ಲಿ ಕಾಕು ಹೆಣೆದ ಮಂಕಿ ಟೋಪಿ ಇರುವುದೊಂದೇ ಕೊರತೆ.

ಕಾಕಾನ ಮೇಲಿರುವ ದೊಡ್ಡ ಆಪಾದನೆ ಸೀಸಪೆನ್ಸಿಲ್ಲಿನದು. ಬಾಡಿಗೆ ಪುಸ್ತಕದಂಗಡಿಗಳು ನಡೆಯುತ್ತಿದ್ದ ಕಾಲದಲ್ಲಿ, ದುಡ್ಡು ಕೊಟ್ಟು ತಂದ ಪತ್ತೇದಾರಿ ಕಾದಂಬರಿಯ ಮೊದಲ ಕೆಲವು ಪುಟ ತಿರುವುವಷ್ಟರಲ್ಲಿ ಅಂಚಿನಲ್ಲಿ ದುಂಡನೆಯ ಅಕ್ಷರ ಕಾಣಿಸುತ್ತಿತ್ತು: ‘ಅಡಿಗಿಯಂವನ ಮ್ಯಾಲೆ ಕಣ್ಣಿಡ್ರಿ.’ ಜಗಳಕ್ಕೆ ಹೋದವರಿಗೆ ಕಾಕಾ ಶಾಂತವಾಗಿ, ‘ಕಣ್ಣಿಡ್ರಿ ಅಂದೇನಿ ಅಷ್ಟ. ಕೊಲೆಗಾರ ಅಂದೇನೇನು?’ ಎನ್ನುತ್ತಿದ್ದರು. ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ 1926ರಲ್ಲಿ ಬಂದಾಗ ಅದರ ಕೊನೆ ಓದಿ ಇಂಗ್ಲಿಷ್ ಓದುಗರು ಬೆಚ್ಚಿಬಿದ್ದರಂತೆ. ನಮ್ಮ ಗಲ್ಲಿಯಲ್ಲಿ ಯಾರೂ ಬೆಚ್ಚಲಿಲ್ಲ, ರಕ್ಷಾಪುಟದ ಒಳಬದಿಯಲ್ಲೇ ಎಲ್ಲ ಬರೆದಿತ್ತು. (ನಾನು ಇಲ್ಲಿ ಹೇಳುವುದಿಲ್ಲ. ಇನ್ನೂ ಓದದವರು ನೆಮ್ಮದಿಯಿಂದಿರಲಿ.) ಅದೇ ಕ್ರಿಸ್ಟಿಯ ‘ದಿ ಮೌಸ್‌ಟ್ರ್ಯಾಪ್’ ನಾಟಕ ಲಂಡನ್ನಿನಲ್ಲಿ 1952ರಲ್ಲಿ ಶುರುವಾದದ್ದು, ಗುಟ್ಟನ್ನು ಹೊರಗೆ ಹೇಳಬೇಡಿ ಎಂದು ಆಟ ಮುಗಿದ ಮೇಲೆ ಪ್ರೇಕ್ಷಕರನ್ನು ಬೇಡಿಕೊಳ್ಳುತ್ತಾರೆ. ಕಾಕಾನ ಹತ್ತಿರ ಪಾಸ್‌ಪೋರ್ಟ್ ಇಲ್ಲದ್ದು ಆ ನಾಟಕ ಕಂಪನಿಯ ಪುಣ್ಯ.

ಕೊನೆಯ ಹಾಳೆ ಹರಿದುಹೋದ ಪುಸ್ತಕಗಳ ವಿಷಯದಲ್ಲಿ ಮಾತ್ರ ಅಂಗಡಿಯವನಿಗೆ ಕಾಕಾ ಬೇಕಾಗುತ್ತಿತ್ತು. ರೇಘಿನ ಹಾಳೆಯಲ್ಲಿ ತಾವೇ ಮುಕ್ತಾಯ ಬರೆದು ಅಂಟಿಸಿ ಕೊಡುತ್ತಿದ್ದರು. ಎನ್. ನರಸಿಂಹಯ್ಯನವರ ನೂರಾರು ಕಾದಂಬರಿಗಳಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದಿ ತಲೆಯೊಳಗೆ ಕಲಸಿಕೊಂಡಿದ್ದರಿಂದ, ಪತ್ತೇದಾರ ಪುರುಷೋತ್ತಮ ಇನ್ನೂರು ಪುಟ ಓಡಾಡಿ ಹಣಿದ ಪ್ರಕರಣವನ್ನು ಕಾಕಾನ ಹಾಳೆಯಲ್ಲಿ ಮಧುಸೂದನ ಬಂದು ಬಗೆಹರಿಸಿದ್ದೂ ಉಂಟು. ಒಂದರಲ್ಲಿ ಅರಿಂಜಯ ಮತ್ತು ಗಾಳಿರಾಯ ಇಬ್ಬರೂ ಒಟ್ಟಿಗೆ ಬಂದು ಕೊಲೆಗಾರನ ಒಂದೊಂದು ಕೈ ಹಿಡಿದರು. ಆ ಪ್ರತಿಗೆ ಬೇಡಿಕೆ ಹೆಚ್ಚಿತ್ತು.

ನವೆಂಬರ್ ಒಂದಕ್ಕೆ ಕಾಕಾ ಚನ್ನಮ್ಮ ವೃತ್ತಕ್ಕೆ ತಪ್ಪದೆ ಹಾಜರ್. ಡಿಜೆಯ ಮುಂದೆ ಬಾವುಟ ಬೀಸುತ್ತ ಕುಣಿಯುವ ಹುಡುಗನ ರಟ್ಟೆ ಹಿಡಿದು ವಿಚಾರಣೆಗೆ ತೊಡಗುತ್ತಾರೆ.

‘ಈ ಧ್ವಜಾ ಮಾಡಿದಂವಾ ಯಾರು?’

‘ಗೊತ್ತಿಲ್ರೀ.’

‘ಪತ್ತೇದಾರಿ ಕಾದಂಬರಿ ಬರಿಯಾಂವಾ! ಮ. ರಾಮಮೂರ್ತಿ! ಗೊತ್ತಿರಲಿ!’

ಅಜ್ಜ ಬೆಳಗ್ಗೆಯೇ ಏರಿಸಿ ಬಂದಿದ್ದಾನೆಂದು ಹುಡುಗ ಕೈ ಬಿಡಿಸಿಕೊಂಡು ಓಡುತ್ತಾನೆ. ಆದರೆ ಕಾಕಾ ಹೇಳಿದ್ದು ಅಕ್ಷರಶಃ ನಿಜ. 1960ರ ದಶಕದಲ್ಲಿ ಹಳದಿ-ಕೆಂಪು ಬಾವುಟವನ್ನು ರೂಪಿಸಿದ ಕನ್ನಡ ಹೋರಾಟಗಾರ ಮ. ರಾಮಮೂರ್ತಿ ಪತ್ತೇದಾರಿ ಕಾದಂಬರಿಗಳನ್ನು ರಾಶಿರಾಶಿ ಬರೆದವರು. ಈ ಸಾಹಿತ್ಯವನ್ನು ಕೀಳಾಗಿ ಕಾಣುವ ಪ್ರಾಧ್ಯಾಪಕರು ಸಿಕ್ಕಾಗ ಕಾಕಾ ಬಿಡುವ ಮೊದಲ ಬಾಣ ಇದು. ಎರಡನೆಯದು ಟಿ.ಕೆ. ರಾಮರಾವ್. ಪತ್ತೇದಾರಿಗೆ ಹೆಸರಾದ ಈ ಲೇಖಕರ ಕಾದಂಬರಿಯೇ 1972ರಲ್ಲಿ ರಾಜ್‌ಕುಮಾರರ ‘ಬಂಗಾರದ ಮನುಷ್ಯ’ವಾಯಿತು. ಊರೆಲ್ಲ ಅದನ್ನು ಒಕ್ಕಲುತನದ ಸಿನೆಮಾ ಎಂದು ನೋಡಿ ಅತ್ತಿತು. ಕಾಕಾ ಒಪ್ಪುವುದಿಲ್ಲ. ‘ಕಡೀಕ ರಾಜೀವ ಮನಿ ಬಿಟ್ಟು ಹ್ವಾದನಲ್ಲ, ಎಲ್ಲಿಗ ಹ್ವಾದ? ಒಬ್ಬರರ ಮಿಸ್ಸಿಂಗ್ ಕಂಪ್ಲೇಂಟ್ ಕೊಟ್ರೇನು?’

ಪಕ್ಕದ ಮನೆಯ ಮರಾಠಿ ಮಾಸ್ತರರೂ ಇದೇ ಚಟದವರು. ಸೀಮಾಪ್ರಶ್ನೆಯಲ್ಲಿ ಇಬ್ಬರದೂ ಉತ್ತರ-ದಕ್ಷಿಣ. 1967ರ ಮಹಾಜನ ವರದಿಯ ಮಾತೆತ್ತಿದರೆ ಅಂದು ಸಂಜೆ ಕಟ್ಟೆಯ ಮೇಲೆ ಚಹಾ ಇಲ್ಲ. ಆದರೆ ಬಾಬುರಾವ್ ಅರ್ನಾಳಕರರ ಪತ್ತೇದಾರಿಗಳು, ನಾರಾಯಣ ಧಾರಪರ ದೆವ್ವದ ಕಥೆಗಳು ಕಂಪೌಂಡಿನ ಆಚೆಯಿಂದ ಈಚೆಗೆ, ಕನ್ನಡದವು ಈಚೆಯಿಂದ ಆಚೆಗೆ ವರ್ಷಗಟ್ಟಲೆ ದಾಟಿವೆ. ಇಬ್ಬರೂ ಎರಡೂ ಲಿಪಿ ಸಲೀಸಾಗಿ ಓದುತ್ತಾರೆ, ಬಹಿರಂಗವಾಗಿ ಒಪ್ಪಿಕೊಳ್ಳುವುದಿಲ್ಲ. ಮಹಾರಾಷ್ಟ್ರ 2004ರಲ್ಲಿ ಹೂಡಿದ ಗಡಿದಾವೆ ಸುಪ್ರೀಂ ಕೋರ್ಟಿನಲ್ಲಿ ಕೂತಿರುವುದರ ಬಗ್ಗೆ ಮಾತ್ರ ಇಬ್ಬರದೂ ಒಂದೇ ತಕರಾರು: ಇಷ್ಟು ಕಂತು ಎಳೆದ ಕಥೆಗೆ ಸಂಪಾದಕನನ್ನು ಕೆಲಸದಿಂದ ತೆಗೆಯಬೇಕಿತ್ತು. 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧದ ಬಗ್ಗೆಯೂ ಒಮ್ಮತವಿದೆ. ಚಳಿಗಾಲದ ಅಧಿವೇಶನ ಮುಗಿದು ಮಂತ್ರಿಗಳ ಕಾರು ಪುಣೆ-ಬೆಂಗಳೂರು ಹೆದ್ದಾರಿ ಹತ್ತಿದ ಮೇಲೆ ಆ ಉದ್ದುದ್ದ ಕಾರಿಡಾರುಗಳಿಗಿಂತ ಒಳ್ಳೆಯ ಭೂತಬಂಗಲೆಯ ಸೆಟ್ಟು ರಾಮ್ಸೆ ಸಹೋದರರಿಗೂ ಸಿಕ್ಕಿರಲಿಲ್ಲ.

ಕಾಕಾ ದುಡಿದದ್ದು ವಿಮಾ ಕಚೇರಿಯಲ್ಲಿ, ಮರಣದಾವೆಗಳ ಮೇಜಿನಲ್ಲಿ. ಬಿಲ್ಲಿ ವೈಲ್ಡರನ 1944ರ ‘ಡಬಲ್ ಇಂಡೆಮ್ನಿಟಿ’ಯನ್ನು ಮಗ ಲ್ಯಾಪ್‌ಟಾಪಿನಲ್ಲಿ ತೋರಿಸಿದ ದಿನ ಅವರಿಗೆ ಜನ್ಮ ಸಾರ್ಥಕವಾಯಿತು. ಪಾಲಿಸಿ ಮಾರುವ ಏಜೆಂಟನೇ ಗಿರಾಕಿಯ ಹೆಂಡತಿಯ ಜೊತೆ ಸೇರಿ ಗಿರಾಕಿಯನ್ನು ಮುಗಿಸುವ ಕಥೆ. ಕ್ಲೇಮ್ಸ್ ವಿಭಾಗದ ಕೀಸ್ ಎಂಬ ಮುದುಕನ ಎದೆಯೊಳಗೆ ಒಬ್ಬ ಪುಟ್ಟ ಮನುಷ್ಯನಿದ್ದಾನೆ. ಸುಳ್ಳು ದಾವೆ ಬಂದಾಗಲೆಲ್ಲ ಅವನು ಒಳಗೇ ತೊಳಸುತ್ತಾನೆ. ‘ನಮ್ಮ ಡಿಪಾರ್ಟ್‌ಮೆಂಟಿನ ಮ್ಯಾಲೆ ತೆಗದದ್ದು ಇದೊಂದ ಪಿಚ್ಚರ್ ನೋಡ್ರಿ’ ಎಂದು ಕಾಕಾ ಗದ್ಗದರಾದರು. ಅವರ ಎದೆಯೊಳಗೂ ಅಂಥವನೊಬ್ಬ ಸರ್ವೀಸು ಪೂರ್ತಿ ಒದ್ದಾಡಿದ್ದ. ಕೊಲೆ ಮಾತ್ರ ಒಂದೂ ಕೈಗೆ ಹತ್ತಲಿಲ್ಲ. ಸಿಕ್ಕಿದ್ದು ಒಂದೇ ಒಂದು ಭಯಂಕರ ಸಂಚು: ಫೈಲುಗಳಲ್ಲಿ ನೋಡಿದವರೆಲ್ಲ ಜೂನ್ ಒಂದನೇ ತಾರೀಖು ಹುಟ್ಟಿದವರು! ಬೈಲಹೊಂಗಲದವನೂ ಜೂನ್ ಒಂದು, ಸವದತ್ತಿಯವಳೂ ಜೂನ್ ಒಂದು. ಇದರ ಹಿಂದೆ ಒಂದೇ ಮೆದುಳು ಕೆಲಸ ಮಾಡುತ್ತಿದೆ ಎಂದು ಮೇಲಧಿಕಾರಿಗೆ ಗುಪ್ತ ಟಿಪ್ಪಣಿ ಬರೆದರು. ಅಧಿಕಾರಿ ಏನೂ ಅನ್ನದೆ ಕಾಕಾನದೇ ಸರ್ವೀಸ್ ಬುಕ್ ತರಿಸಿ ಮೊದಲ ಪುಟ ತೆಗೆದು ಮುಂದಿಟ್ಟ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಇವರಿಗೂ ಅದೇ ತಾರೀಖು ಹಚ್ಚಿದ್ದರು.

ದೆವ್ವದ ಶಾಖೆಯಲ್ಲಿ ಕಾಕಾ ಅಷ್ಟು ಗಟ್ಟಿಗರಲ್ಲ. ಯಂಡಮೂರಿಯವರ ‘ತುಳಸಿದಳ’ ಕನ್ನಡದಲ್ಲಿ ಓದಿದ ವರ್ಷ, ಕಾಷ್ಮೋರನ ದೆಸೆಯಿಂದ, ಕತ್ತಲಾದ ಮೇಲೆ ಮನೆಯ ತುಳಸಿಕಟ್ಟೆಯ ಕಡೆಗೂ ಸುಳಿಯಲಿಲ್ಲ. ದೀಪ ಹಚ್ಚುವ ಕಾಕುಗೆ ಕಿಟಕಿಯಿಂದ ಧೈರ್ಯ ಹೇಳುತ್ತಿದ್ದರು. 90ರ ದಶಕದಲ್ಲಿ ‘ನಾಳೆ ಬಾ’ ಎಂದು ಬಾಗಿಲಿಗೆ ಬರೆಯುವ ಗುಲ್ಲು ರಾಜ್ಯದಲ್ಲಿ ಎದ್ದಿತಲ್ಲ, ಮುಂದೆ ಹಿಂದಿಯ ‘ಸ್ತ್ರೀ’ ಸಿನೆಮಾ ಹುಟ್ಟಿದ್ದೂ ಅದರಿಂದಲೇ, ಆಗ ಕಾಕಾ ಬಾಗಿಲ ಮೇಲೆ ಕನ್ನಡದಲ್ಲಿ ಬರೆದು, ಕೆಳಗೆ ಮರಾಠಿಯಲ್ಲೂ ಬರೆಸಿದರು. ಬರುವವಳು ಯಾವ ಸಾಲೆಯಲ್ಲಿ ಕಲಿತಿದ್ದಾಳೋ ಯಾರಿಗೆ ಗೊತ್ತು. ಕನ್ನಡ ಮೇಲೆ, ದಪ್ಪ ಅಕ್ಷರದಲ್ಲಿ. ನಾಮಫಲಕದ 60 ಪರ್ಸೆಂಟ್ ಕಾಯ್ದೆ ಬರುವ ಎಷ್ಟೋ ವರ್ಷ ಮೊದಲೇ.

ಇಷ್ಟಿದ್ದರೂ ಕಾಕಾ ವರ್ಷಕ್ಕೊಮ್ಮೆ ಖಾನಾಪುರ ತಾಲೂಕಿಗೆ ಹೋಗಲೇಬೇಕು. ಕಾಕುವಿನ ತವರು ಜಾಂಬೋಟಿಯ ಕಡೆ. ಖಾನಾಪುರದವರೆಗೆ ರೈಲು, ಮುಂದೆ ಬಸ್ಸು. ಮಲಪ್ರಭೆ ಹುಟ್ಟುವ ಕಣಕುಂಬಿ, 2011ರಲ್ಲಿ ಅಭಯಾರಣ್ಯವಾದ ಭೀಮಗಡ, ಮಳೆಗಾಲದಲ್ಲಿ ದಿನಗಟ್ಟಲೆ ಹೋದ ಕರೆಂಟು, ಮಂಜು, ಹಂಚಿನ ಮನೆ: ರೋಮಾಂಚಕ ಕಾದಂಬರಿಗೆ ಬೇಕಾದದ್ದೆಲ್ಲ ಅಲ್ಲಿ ಅಣಿಯಾಗಿ ಬಿದ್ದಿದೆ. ಇಲ್ಲದಿರುವುದು ಅದಕ್ಕೆ ತಕ್ಕ ಜನ.

ನಂದಗಡವನ್ನೇ ನೋಡಿ. ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು 1831ರಲ್ಲಿ ಗಲ್ಲಿಗೇರಿಸಿದ ಊರು. ಅವನ ಸಮಾಧಿಯ ಮೇಲೆ ಆಲದ ಮರ. ಕಾದಂಬರಿಯಲ್ಲಾದರೆ ಸಂಜೆಯ ಮೇಲೆ ಅಲ್ಲಿ ನರಪಿಳ್ಳೆ ಹಾಯುವಂತಿಲ್ಲ. ನಂದಗಡದಲ್ಲಿ ಮಕ್ಕಳಿಲ್ಲದವರು ಅದೇ ಮರಕ್ಕೆ ಹರಕೆಯ ತೊಟ್ಟಿಲು ಕಟ್ಟಿ ಬರುತ್ತಾರೆ. ಕಾಕಾ ಅಲ್ಲಿ ಕೈಮುಗಿದು ಸುಮ್ಮನೆ ಬಂದರು, ಬುತ್ತಿಯಲ್ಲಿದ್ದ ಕಥೆಯನ್ನು ಬಿಚ್ಚಲಿಲ್ಲ.

ಆದರೆ ಕಾಕುವಿನ ತಮ್ಮನ ವಿಷಯದಲ್ಲಿ ಅವರ ತಾಳ್ಮೆ ಉಳಿಯುವುದಿಲ್ಲ. ಭತ್ತ, ಗೋಡಂಬಿ ನೋಡಿಕೊಂಡಿರುವ ಮನುಷ್ಯ. ಕಳೆದ ಸಲ ಊಟಕ್ಕೆ ಕೂತಾಗ ಅವನು ಅನ್ನಕ್ಕೆ ಸಾರು ಹಾಕಿಕೊಳ್ಳುತ್ತ ಹೇಳಿದ:

‘ಮೊನ್ನಿ ರಾತ್ರಿ ಹಿತ್ತಲದಾಗ ಕರಡಿ ಬಂದಿತ್ರಿ. ಹಲಸಿನಹಣ್ಣು ತಿಂತು. ಹೋತು.’

ಕಾಕಾನ ಕೈಯ ತುತ್ತು ಅಲ್ಲೇ ನಿಂತಿತು. ‘ಹಿಂಗ ಹೇಳತಾರೇನೋ? ಮೊದಲ, ಹಣ್ಣು ಯಾರೋ ಕದ್ದಾರ ಅನ್ನು. ಆಮ್ಯಾಲ ಕೆಸರಿನ್ಯಾಗ ಹೆಜ್ಜಿ ಗುರುತು ತೋರಸು. ಮನಶ್ಯಾಂದೋ, ಪಶುವಿಂದೋ...’

‘ಯಾರೋ ಯಾಕ್ರಿ? ಕರಡೀನ ತಿಂದಿದ್ದು. ನಾನ ಕಂಡೇನಿ.’

‘ಎಲ್ಲಿ ನಿಂತು ಕಂಡಿ?’

‘ಹಿಂದ. ಹಗ್ಗ ತರಾಕ ಹೋಗಿದ್ಯಾ. ಈಟ ದೂರ.’ ಅವನು ತಾಟಿನಿಂದ ನೀರಿನ ತಂಬಿಗೆಯವರೆಗಿನ ಅಂತರ ತೋರಿಸಿ, ಮಜ್ಜಿಗೆ ಕೇಳಿದ.

ಆ ರಾತ್ರಿ ಕಾಕಾಗೆ ನಿದ್ದೆ ಬರಲಿಲ್ಲ. ಮಾಡಿನ ಮೇಲೆ ಟಕ್ ಎಂದು ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಟಕ್, ಬಳಿಕ ಹಂಚಿನ ಮೇಲಿಂದ ಏನೋ ಉರುಳಿದ ಸದ್ದು. ಬೆಳಗಿನ ಜಾವದವರೆಗೆ ಎದ್ದು ಕೂತು, ತಾವು ಓದಿದ ಪುಸ್ತಕಗಳಲ್ಲಿ ಹೀಗೆ ಟಕ್ ಎಂದದ್ದು ಏನಾಗಿತ್ತೆಂದು ನೆನೆದು ನೆನೆದು ಬೆವರಿದರು. ಮುಂಜಾನೆ ಭಾವಮೈದುನ ಮೇಲೆ ನೋಡಿ, ‘ಬಾವಲಿ. ಮಾವಿನ ವಾಟಿ ಒಗಿತಾವ್ರಿ’ ಎಂದ. ಬಾವಲಿ ಎಂದ ಕೂಡಲೇ ಕಾಕಾ ಹುರುಪಾದರು. ಡ್ರಾಕುಲಾ! ಮೇಲಾಗಿ ಇದೇ ತಾಲೂಕಿನ ಬಾರಾಪೇಡೆ ಗುಹೆಯಲ್ಲಿ ರಾಟನ್ ಬಾವಲಿ ಇದೆ. ಜಗತ್ತಿನಲ್ಲಿ ಇದೊಂದೇ ಕಡೆ ಅದು ಉಳಿದಿದೆಯೆಂದು ವಿಜ್ಞಾನಿಗಳು ಬಹಳ ಕಾಲ ತಿಳಿದಿದ್ದರು. ಅದನ್ನು ಕಾಕಾ ತಗ್ಗಿದ ದನಿಯಲ್ಲಿ, ಕಣ್ಣರಳಿಸಿ, ನಿಲ್ಲಿಸಿ ನಿಲ್ಲಿಸಿ ಹೇಳಿದರು.

‘ಅದು ಹುಳಾ ತಿಂತೈತ್ರಿ’ ಎಂದು ಅವನು ಹಲ್ಲುಜ್ಜಲು ಹೋದ.

ಟಿಳಕವಾಡಿಗೆ ಮರಳಿದ ಕಾಕಾ ಆ ಕರಡಿಯನ್ನು ಹಾಗೇ ಬಿಡುವವರೇ? ಕಟ್ಟೆಯ ಮೇಲೆ ಅದು ಧಾರಾವಾಹಿಯಾಗಿ ಹರಿಯತೊಡಗಿತು. ಮೊದಲ ಸಂಜೆ ಬರೀ ಮಳೆ ಮತ್ತು ಕಂದೀಲು. ಎರಡನೇ ಸಂಜೆ ಕಾಣೆಯಾದ ಹಲಸಿನಹಣ್ಣು, ಬಾಯಿ ಬಿಡದ ಆಳು. ಕೆಸರಿನಲ್ಲಿ ಮೂಡಿದ ಗುರುತಿಗೆ ಐದು ಬೆರಳು ಎಂಬಲ್ಲಿಗೆ ಬಂದಾಗ ಮಾಸ್ತರರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಗೇಟು ಬಿದ್ದು ಗೂಡ್ಸ್ ಗಾಡಿ ಹಾಯುವಾಗ ಕಾಕಾ ಬೇಕೆಂದೇ ಬಾಯಿ ಆಡಿಸುತ್ತಿದ್ದರು. ಮುಖ್ಯ ಸಾಕ್ಷಿ ಏನು ಹೇಳಿದನೆಂಬುದು ಡಬ್ಬಿಗಳ ಸದ್ದಿನಲ್ಲಿ ಮುಳುಗಿಹೋಗಿ, ಗೇಟಿನಲ್ಲಿ ನಿಂತ ಸ್ಕೂಟರಿನವರೂ ‘ಏನಂದ್ರೀ?’ ಎಂದು ಕತ್ತು ಚಾಚುತ್ತಿದ್ದರು.

ಮೂರನೆಯ ಸಂಜೆ ಭಾವಮೈದುನ ಬಂದ. ಗೋಡಂಬಿಯ ಲೆಕ್ಕ ಚುಕ್ತಾ ಮಾಡಲು ಬೆಳಗಾವಿಗೆ ಬಂದವನು ಅಕ್ಕನಿಗೆ ಹಪ್ಪಳ ಕೊಟ್ಟು ರಾತ್ರಿಯ ಗಾಡಿಗೆ ಹೊರಡುವವನಿದ್ದ. ಕಟ್ಟೆಯ ತುದಿಗೆ ಚೀಲ ಇಟ್ಟುಕೊಂಡು ಕೂತ. ಕಾಕಾ ಅವನನ್ನು ನೋಡಿಯೂ ನೋಡದವರಂತೆ ಮುಂದುವರಿಸಿದರು. ಕಂದೀಲು ಫಕ್ಕನೆ ಆರಿತು. ಹಗ್ಗ ತರಲು ಹೋದ ಮನುಷ್ಯನ ಬೆನ್ನ ಹಿಂದೆ ಯಾರೋ ಉಸಿರು ಬಿಟ್ಟ ಹಾಗಾಯಿತು. ಅವನು ತಿರುಗಲಿಲ್ಲ. ತಿರುಗಬೇಕೋ ಬೇಡವೋ ಎಂದು...

ಕಾಕಾ ಎದ್ದು ಧೋತರ ಕೊಡವಿಕೊಂಡರು.

ಭಾವಮೈದುನನ ಬಾಯಲ್ಲಿದ್ದ ಎಲೆ ಅಡಿಕೆ ಹಾಗೇ ಇತ್ತು. ‘ಮಾಮಾ,’ ಎಂದ, ‘ತಿರಿಗಿದ್ನೇನ್ರಿ ಅಂವಾ? ಮುಂದೇನಾತು?’

‘ನಾಳಿ ನಮ್ಮದು ತಪಾಸಣಿ ಐತಿ ದವಾಖಾನಿಯಾಗ,’ ಎಂದರು ಕಾಕಾ. ‘ಮಂಗಳವಾರ ಹೇಳತೇನಿ.’

ಅವನು ಒಳಗೆ ಹೋಗಿ ಅಕ್ಕನ ಹತ್ತಿರ ಹಾಸಿಗೆ ಕೇಳಿದ.