ಕಂಡರೂ ಕಚ್ಚದ ಮೀನು

ಗಾಳ ಹಾಕುವವನಿಗೆ ಮೀನು ಕಾಣಬಾರದು, ಮೀನಿಗೆ ಗಾಳ ಹಾಕುವವನು ಕಾಣಬಾರದು ಎಂಬ ಹಳೆಯ ಒಡಂಬಡಿಕೆಯ ಮೊದಲರ್ಧವನ್ನು ಮುರಿದ ಕೀರ್ತಿ, ಮುಂದೆ ನೋಡುವ ಲೈವ್ ಸೋನಾರ್ ಎಂಬ ಉಪಕರಣಕ್ಕೆ ಸಲ್ಲಬೇಕು. ಸೋನಾರ್ ಎಂದರೆ ನೀರಿನೊಳಗೆ ಶಬ್ದವನ್ನು ಬಿಟ್ಟು, ಅದರ ಮಾರ್ದನಿಯಿಂದ ಅಲ್ಲಿರುವುದನ್ನು ಅರಿಯುವ ವಿಧಾನ. ಹಳೆಯ ಯಂತ್ರಗಳು ಹೆಚ್ಚಾಗಿ ದೋಣಿಯ ಅಡಿಯನ್ನೇ ಇಣುಕುತ್ತಿದ್ದವು; 2018ರಲ್ಲಿ ಗಾರ್ಮಿನ್ ಕಂಪನಿಯ ಲೈವ್‌ಸ್ಕೋಪ್ ಬಂದ ಮೇಲೆ ದೋಣಿಯ ಮುಂದಿನ ನೀರೂ ಕ್ಷಣಕ್ಷಣಕ್ಕೆ ಪರದೆಯ ಮೇಲೆ ಸ್ಪಷ್ಟವಾಗಿ ಮೂಡತೊಡಗಿತು. ಸಿಹಿನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1,480 ಮೀಟರ್ ಓಡುವುದರಿಂದ, 15 ಮೀಟರ್ ಆಚೆಯ ಮೀನಿನ ಸುದ್ದಿ ಸೆಕೆಂಡಿನ ಐವತ್ತನೆಯ ಒಂದು ಭಾಗದಲ್ಲಿ ಹೋಗಿ ಬರುತ್ತದೆ. ಮೀನಿನ ಒಡಲಿನಲ್ಲಿ ಅದನ್ನು ತೇಲಿಸುವ ಗಾಳಿಚೀಲವೇ ಶಬ್ದವನ್ನು ಎಲ್ಲಕ್ಕಿಂತ ಚೆನ್ನಾಗಿ ಹಿಂದಿರುಗಿಸುವ ಕಾರಣ, ಮೀನಿನ ವಿರುದ್ಧ ಸಾಕ್ಷಿ ಹೇಳುವುದು ಅದರ ಹೊಟ್ಟೆಯೇ ಎನ್ನಬಹುದು.

ಅದೇ 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರು ಬಳಸಿ ಬಿಟ್ಟು ಶುದ್ಧೀಕರಿಸಿ ಕಳಿಸಿದ ನೀರು, ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿತು. ಹೊರಗಿನ ಜಗತ್ತು ನೀರಿನೊಳಗೆ ಮೀನನ್ನು ಹುಡುಕುತ್ತಿದ್ದಾಗ, ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಈ ಜಿಲ್ಲೆ ಕೆರೆಯೊಳಗೆ ನೀರನ್ನು ಹುಡುಕುತ್ತಿತ್ತು. ಮುಳಬಾಗಿಲು ತಾಲ್ಲೂಕಿನ ನಂಗಲಿ ಸೀಮೆಯ ತುಂಬಿದ ಕೆರೆಗೆ ಈ ಯಂತ್ರವನ್ನು ಇಳಿಸಿದರೆ, ಬರಗಾಲದಲ್ಲಿ ಕೆರೆಯಂಗಳವನ್ನು ಆಕ್ರಮಿಸಿ ಮಳೆಗಾಲದಲ್ಲಿ ಮುಳುಗಿದ ಜಾಲಿಮರಗಳ ಕೊಂಬೆಕೊಂಬೆಯೂ ಪರದೆಯ ಮೇಲೆ ಮೂಡಿ, ಮೀನು ಯಾವುದು ಮುಳ್ಳು ಯಾವುದು ಎಂಬ ಜಿಜ್ಞಾಸೆ ಹುಟ್ಟುವುದು ಖಂಡಿತ. ಕೊರಮೀನಿನ ವಿಷಯದಲ್ಲಂತೂ ಯಂತ್ರದ ಅಗತ್ಯವೇ ಇಲ್ಲ. ಗಾಳಿಯನ್ನು ನೇರವಾಗಿ ಉಸಿರಾಡಬೇಕಾದ ಆ ಜೀವಿ ಆಗಾಗ ತಾನೇ ಮೇಲೆ ಬಂದು ಗುಳುಕ್ ಎಂದು ಹಾಜರಿ ಹಾಕಿ ಹೋಗುತ್ತದೆ.

ಲಕ್ಷ ರೂಪಾಯಿ ದಾಟುವ ಈ ಉಪಕರಣದ ನಿಜವಾದ ದುಃಖ ಇರುವುದು ಪರದೆಯಲ್ಲಿ. ಅಲ್ಲಿ ಅಕ್ಕಿಕಾಳಿನಷ್ಟು ಹೊಳೆಯುವ ಚುಕ್ಕೆ ಮೇವು. ಅದರ ಹಿಂದಿನ ಬೆರಳುದ್ದದ ಮಸುಕು ಮೀನು. ಮಸುಕು ಚುಕ್ಕೆಯ ಹತ್ತಿರ ಬರುತ್ತದೆ, ನಿಲ್ಲುತ್ತದೆ, ಸುತ್ತ ಒಮ್ಮೆ ಪರಿಶೀಲಿಸುತ್ತದೆ, ಅನಂತರ ಹೆಣ್ಣು ನೋಡಲು ಬಂದವರು ‘ಊರಿಗೆ ಹೋಗಿ ತಿಳಿಸುತ್ತೇವೆ’ ಎಂದು ಎದ್ದಂತೆ ತಿರುಗಿ ಹೊರಟುಹೋಗುತ್ತದೆ. ಅವರಾದರೂ ಉಪ್ಪಿಟ್ಟು ತಿಂದು ಹೋಗುತ್ತಾರೆ. ಮೊದಲಾದರೆ ‘ಇಲ್ಲಿ ಮೀನೇ ಇಲ್ಲ’ ಎಂದು ಮರ್ಯಾದೆಯಿಂದ ಮನೆಗೆ ಮರಳಬಹುದಾಗಿದ್ದ ಮನುಷ್ಯ, ಈಗ ತಿರಸ್ಕಾರವನ್ನು ಕಣ್ಣಾರೆ ಕಂಡು ಮರಳಬೇಕು. ಹೀಗಿದ್ದೂ ಅಮೆರಿಕದ ಪಂದ್ಯಗಳಲ್ಲಿ ಯಂತ್ರದ ಮೇಲುಗೈ ಅತಿಯಾಯಿತೆಂಬ ಕೂಗೆದ್ದು, ಬಾಸ್ ಪ್ರೋ ಟೂರ್ ಎಂಬ ಸರಣಿಯಲ್ಲಿ 2025ರಲ್ಲಿ ದಿನದ 3 ಅವಧಿಗಳ ಪೈಕಿ 1ರಲ್ಲಿ ಮಾತ್ರ ಅದನ್ನು ಬಳಸಲು ಬಿಟ್ಟರು.

ಮೀನು ಎಲ್ಲಿದೆ ಎನ್ನುವುದಕ್ಕಿಂತ ಮೀನಿಗೆ ಏನು ಬೇಕು ಎನ್ನುವುದೇ ದೊಡ್ಡ ಪ್ರಶ್ನೆ ಎಂಬುದನ್ನು ಕನ್ನಡ ನಾಡು ಬಹು ಹಿಂದೆಯೇ ಬಲ್ಲದು. ಹೊಯ್ಸಳ ವಿಷ್ಣುವರ್ಧನನು ತಾನು ಗೆದ್ದ ಊರು-ನಾಡುಗಳ ಬಿರುದಿನಲ್ಲಿ ತಲಕಾಡು, ಕೊಂಗುಗಳ ಜೊತೆಗೆ ನಂಗಲಿಯನ್ನೂ ಪೋಣಿಸಿಕೊಂಡಿದ್ದ ಕಾಲದಲ್ಲೇ, ಅವನಿಗೆ ಹೆಸರಿಗಾದರೂ ಅಧಿಪತಿಯಾಗಿದ್ದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದಕ್ಕೆ, ಅಂದರೆ ಗಾಳದ ಆಟಕ್ಕೆ, ಒಂದು ಭಾಗವನ್ನೇ ಮೀಸಲಿಟ್ಟು ಮೀನಿನ ಜಾತಿಗಳನ್ನೂ ಮೇವಿನ ಬಗೆಗಳನ್ನೂ ವಿವರಿಸಿದ್ದಾನೆ. ಬ್ರಿಟಿಷರ ಕಾಲದ ಹವ್ಯಾಸಿಗಳು ಕಾವೇರಿಯ ಮಹಶೀರ್ ಮೀನಿಗೆ ನಾನಾ ಆಮಿಷ ಒಡ್ಡಿದರೂ, ಆ ನದಿಯಲ್ಲಿ ಹೆಸರು ಮಾಡಿದ್ದು ರಾಗಿಹಿಟ್ಟಿನ ಉಂಡೆಯೇ. ಮುದ್ದೆಗೆ ಮೀನಿನ ಸಾರು ನೆಂಚಿಕೊಳ್ಳುವ ಕೋಲಾರದವರಿಗೆ, ಮೀನಿನ ರುಚಿಯೂ ತಮ್ಮದೇ ಎಂದು ತಿಳಿದು ಆಶ್ಚರ್ಯವಾಗಲಾರದು.

ಕೆರೆಕಟ್ಟೆಯ ಮೇಲೆ ಬಿದಿರಿನ ಗಳ ಹಿಡಿದು ಕೂತವನಿಗೆ ಇರುವ ಪರದೆಯೆಂದರೆ ನೀರಿನ ಮೇಲೆ ನಿಂತ ನವಿಲುಗರಿ ದಂಟಿನ ಬೆಂಡು: ಅದು ಸಣ್ಣಗೆ ನಡುಗಿದರೆ ಜಿಲೇಬಿ ಮೀನು ಕುಟುಕುತ್ತಿದೆಯೆಂದೂ, ಓರೆಯಾಗಿ ಜಾರಿ ಮುಳುಗಿದರೆ ಎಳೆಯುವ ಹೊತ್ತಾಯಿತೆಂದೂ ಅವನು ಬಲ್ಲ. ಅವನಿಗೆ ಸೋನಾರ್ ಬೇಕಾಗುವುದು ನೀರಿನ ಕಡೆಗಲ್ಲ, ಬೆನ್ನ ಹಿಂದಿನ ದಾರಿಯ ಕಡೆಗೆ. ಏಕೆಂದರೆ ಪಾಶುವಾರು ಹಕ್ಕನ್ನು, ಅಂದರೆ ಕೆರೆಯ ಮೀನು ಹಿಡಿಯುವ ಗುತ್ತಿಗೆಯನ್ನು, ಹಣ ಕೊಟ್ಟು ಪಡೆದವರ ಕಾವಲುಗಾರ ಬರುವುದು ಆ ದಾರಿಯಲ್ಲಿ, ಅದೂ ಸರಿಯಾಗಿ ಬೆಂಡು ಮುಳುಗುವ ಹೊತ್ತಿಗೆ.