ಕೆಸರಿಗೆ ಬೆಂಕಿ ಸೇರಿಸಿದರೆ

‘ಲಿಟ್ಲ್ ಆಲ್ಕೆಮಿ’ ಎಂಬ ಮೊಬೈಲ್ ಆಟ ಶುರುವಾಗುವಾಗ ಕೈಯಲ್ಲಿರುವುದು ನೀರು, ಬೆಂಕಿ, ಮಣ್ಣು, ಗಾಳಿ ಅಷ್ಟೇ. ಸುರತ್ಕಲ್ ಕಡಲದಂಡೆಯಲ್ಲಿ ಇವು ನಾಲ್ಕೂ ಪುಕ್ಕಟೆ. ಬೆಂಕಿಯ ಪಾಲಿನ ಕೆಲಸವನ್ನು ಏಪ್ರಿಲ್ ಬಿಸಿಲೇ ಮುಗಿಸಿಕೊಡುತ್ತದೆ. ಆಟದಲ್ಲಿ ನೀರಿಗೆ ಮಣ್ಣು ಸೇರಿದರೆ ಕೆಸರು, ಕೆಸರಿಗೆ ಬೆಂಕಿ ತಾಗಿದರೆ ಇಟ್ಟಿಗೆ. ಹೊತ್ತು ಹಾಳು ಎಂದು ಹಿರಿಯರು ಗೊಣಗಬಹುದು. ಆದರೆ 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದು ಆಡಿದ್ದೂ ಇದೇ ಆಟ; ಗೊಣಗುವವರ ತಲೆಯ ಮೇಲಿನ ಮಾಡಿಗೂ ಬಹುಶಃ ಅದೇ ಹಂಚು. ಒಂದು ಆಕ್ಷೇಪ ಮಾತ್ರ ನ್ಯಾಯವಾದದ್ದು: ಪರದೆಯ ಮೇಲೆ ಬೆರಳು ಎಳೆದರೆ ಸಾಕು, ಭಟ್ಟಿಯಲ್ಲಿ ಹದ ತಪ್ಪಿದರೆ ಹಂಚು ಸೊಟ್ಟಗಾಗುತ್ತದೆ, ಬಿರಿಯುತ್ತದೆ. ಒಪ್ಪೋಣ. ಮಣ್ಣಿನಂತೆ ಅದಿರಿಗೂ ಬೆಂಕಿ ಕೊಡುವ ಹದವಿದೆ; ಅದನ್ನು ಕಲಿಸಲೆಂದೇ ಸುರತ್ಕಲ್‌ನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯಲ್ಲಿ ಲೋಹಶಾಸ್ತ್ರದ ವಿಭಾಗವಿದೆ. ಅಲ್ಲಿ ಹಿಡಿಯುವುದು ನಾಲ್ಕು ವರ್ಷ, ಆಟದಲ್ಲಿ ನಾಲ್ಕು ಸೆಕೆಂಡು. ಆಟದಲ್ಲಿ ಇಂಟರ್ನಲ್ಸ್ ಪರೀಕ್ಷೆಗಳ ಕಾಟವೂ ಇಲ್ಲ.