ನಾಲ್ಕು ಖಾಲಿ ಕುರ್ಚಿಗಳಿಗೆ ಒಂದು ಬಹಿರಂಗ ಪತ್ರ

ಬೈಲಹೊಂಗಲ
23 ಅಕ್ಟೋಬರ್ 2024

ಇವರಿಗೆ,
ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕು ಪಂಚಾಯತಿಗಳ ಅಧ್ಯಕ್ಷರ ಕುರ್ಚಿಯವರು.

ವಿಷಯ: ತಮ್ಮ ಮೇಲೆ ಯಾರೂ ಕೂತಿಲ್ಲದಿರುವ ಬಗ್ಗೆ.
ಉಲ್ಲೇಖ: ಭಾರತ ಸಂವಿಧಾನದ 243ಇ ವಿಧಿ.

ಮಾನ್ಯ ಕುರ್ಚಿಯವರೇ,

ಮನುಷ್ಯರಿಗೆ ಬರೆದರೆ ಉತ್ತರ ಬರುವುದಿಲ್ಲ ಎಂದು ಅನುಭವದಿಂದ ಗೊತ್ತಾದ ಮೇಲೆ ನೇರ ನಿಮಗೇ ಬರೆಯುತ್ತಿದ್ದೇನೆ. ಇವತ್ತು ಕಿತ್ತೂರಿನಲ್ಲಿ ಉತ್ಸವ. ಚೆನ್ನಮ್ಮನ ಪಡೆ ಕಂಪನಿ ಸರಕಾರವನ್ನು ಸೋಲಿಸಿ ಇಂದಿಗೆ ಸರಿಯಾಗಿ 200 ವರ್ಷ. ಸಾಹೇಬರೆಲ್ಲ ಅತ್ತ ಹೋಗಿದ್ದಾರೆ, ನಿಮಗೆ ಓದಲು ಪುರುಸೊತ್ತು ಸಿಗಬಹುದು. ಉಳಿದ ದಿನ ನಿಮಗೇನು ಗದ್ದಲವಿರುತ್ತದೆ ಎಂದು ನಾನು ಕೇಳಬಾರದು.

ಇದಕ್ಕೆಲ್ಲ ಕಾರಣ ನನ್ನ ಮೊಮ್ಮಗಳು. ಪ್ರಜಾಪ್ರಭುತ್ವಕ್ಕೂ ಸಾಂವಿಧಾನಿಕ ರಾಜಪ್ರಭುತ್ವಕ್ಕೂ ಇರುವ ವ್ಯತ್ಯಾಸ ಬರೆಯಬೇಕಿತ್ತು ಅವಳಿಗೆ, ಐದು ಅಂಕಕ್ಕೆ. ಇಂಗ್ಲೆಂಡಿನಲ್ಲಿ ಸಿಂಹಾಸನ ತುಂಬಿರುತ್ತದೆ, ಅಧಿಕಾರವೆಲ್ಲ ಗೆದ್ದು ಬಂದವರ ಕೈಯಲ್ಲಿ; ಪಾರ್ಲಿಮೆಂಟು ಕಳಿಸಿದ ಮಸೂದೆಗೆ 'ಒಲ್ಲೆ' ಎಂದ ಕೊನೆಯ ರಾಣಿ ಆ್ಯನ್, ಅದೂ 1708ರಲ್ಲಿ; ನಮ್ಮಲ್ಲಿ ಸಿಂಹಾಸನವೇ ಇಲ್ಲ, ಜನ ಆರಿಸಿದವರೇ ಕೂಡುತ್ತಾರೆ ಎಂದು ಹೇಳಿಕೊಟ್ಟೆ. ಹುಡುಗಿ ಪೆನ್ನು ಕಚ್ಚುತ್ತ ಕೇಳಿದಳು: "ಹಂಗಾರ ಅಜ್ಜಾ, ನಮ್ಮ ತಾಲೂಕಿಂದು ಯಾವ ಪದ್ಧತಿ? ಇಲ್ಲಿ ಕುರ್ಚಿನೂ ಖಾಲಿ ಐತಲ್ಲ."

ಉತ್ತರ ಹೊಳೆಯಲಿಲ್ಲ. ಹಳೆಯ ಕಡತ ತೆಗೆದೆ.

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಅರಸ ಶಿವಲಿಂಗರುದ್ರ ಸರ್ಜ ತೀರಿಕೊಂಡರು. ದತ್ತು ಮಗನಿದ್ದ. ಧಾರವಾಡದಲ್ಲಿ ಕೂತಿದ್ದ ಕಂಪನಿಯ ಅಧಿಕಾರಿ ಥ್ಯಾಕರೆ ಸಾಹೇಬ ಆ ದತ್ತಕವನ್ನು ಒಪ್ಪಲಿಲ್ಲ. ಖಜಾನೆಗೆ ಮುದ್ರೆ ಒತ್ತಿಸಿ ಕಾವಲು ಹಾಕಿದ. ಈಗಿನ ಕಚೇರಿ ಭಾಷೆಯಲ್ಲಿ ಹೇಳುವುದಾದರೆ, ವಾರಸಾ ದಾಖಲೆ ಪರಿಶೀಲನೆಯಲ್ಲಿದೆ, ಮುಂದಿನ ಆದೇಶದವರೆಗೆ ಕೀಲಿಕೈ ನಮ್ಮಲ್ಲಿರತಕ್ಕದ್ದು. ಈ ಲೆಕ್ಕದಲ್ಲಿ ಥ್ಯಾಕರೆ ನಮ್ಮ ಭಾಗದ ಮೊದಲ ಆಡಳಿತಾಧಿಕಾರಿ. ಚೆನ್ನಮ್ಮನ ಪಡೆಯ ಕೈಯಲ್ಲಿ ಅವನ ಗತಿ ಏನಾಯಿತೆಂದು ಉತ್ಸವದ ವೇದಿಕೆಯಿಂದ ಇವತ್ತು ಎಲ್ಲರೂ ಹೇಳುತ್ತಾರೆ. ಹೇಳಿ, ಹಾರ ಹಾಕಿಸಿಕೊಂಡು, ನಿಮ್ಮ ಅಧ್ಯಕ್ಷರ ಬದಲು ಸರಕಾರ ಕೂರಿಸಿದ ಈಗಿನ ಆಡಳಿತಾಧಿಕಾರಿಗಳ ಪಕ್ಕದಲ್ಲೇ ಕೂಡುತ್ತಾರೆ.

ಈಗಿನ ಕತೆ ನಿಮಗೇ ಗೊತ್ತು. ನಾವು ಓಟು ಹಾಕಿದ್ದು 2016ರಲ್ಲಿ, ಅವಧಿ ಮುಗಿದದ್ದು 2021ರಲ್ಲಿ. ಐದು ವರ್ಷ ತುಂಬುವ ಮೊದಲೇ ಚುನಾವಣೆ ಮುಗಿಯಬೇಕೆಂದು ಮೇಲೆ ಉಲ್ಲೇಖಿಸಿದ ವಿಧಿ ಹೇಳುತ್ತದೆ. ಬದಲಿಗೆ ಆ ವರ್ಷವೇ ಕಾಯ್ದೆ ತಿದ್ದಿ, ಕ್ಷೇತ್ರ ವಿಂಗಡಿಸುವ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ಕಸಿದು ಬೇರೆ ಆಯೋಗಕ್ಕೆ ಕೊಟ್ಟರು. ವಿಳಂಬಕ್ಕಾಗಿ 2022ರಲ್ಲಿ ಹೈಕೋರ್ಟು ಸರಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ಸರಕಾರದ ಕಿಸೆ ಎಂದರೆ ಯಾರ ಕಿಸೆ ಎಂದು ಕುರ್ಚಿಗಳಿಗೆ ವಿವರಿಸಬೇಕಿಲ್ಲ. 2023ರಲ್ಲಿ ಬಿಜೆಪಿ ಇಳಿದು ಕಾಂಗ್ರೆಸ್ ಏರಿತು. ಎಲ್ಲದಕ್ಕೂ ಜಗಳಾಡುವ ಎರಡು ಪಕ್ಷಗಳು ನಿಮ್ಮನ್ನು ಖಾಲಿ ಇಡುವ ಕೆಲಸವನ್ನು ಮಾತ್ರ ಅಣ್ಣತಮ್ಮಂದಿರ ಹಾಗೆ ಹಂಚಿಕೊಂಡವು. ಅಧಿಕಾರ ಹಂಚಿಕೆಗೆ ಉದಾಹರಣೆ ಕೊಡಿ ಎಂದರೆ ಮೊಮ್ಮಗಳು ಇದನ್ನೇ ಬರೆಯಲಿ.

ನಿಜ, ತುಂಬಿದ್ದಾಗಲೂ ನಿಮ್ಮ ವೈಭವ ಇಂಗ್ಲೆಂಡಿನ ಅರಸರಷ್ಟೇ ಇತ್ತು. ಒಂದು ಜೀಪು, ಒಂದು ಶಾಲು, ರಿಬ್ಬನ್ನು ಕತ್ತರಿಸಲು ಒಂದು ಕತ್ತರಿ. ಆದರೂ ತಿಂಗಳ ಸಭೆಯಲ್ಲಿ ಯಾವುದೋ ಹಳ್ಳಿಯ ಸದಸ್ಯೆ ಎದ್ದು ನಿಂತು, ನಮ್ಮ ಶಾಲೆಯ ಮಾಡು ಸೋರುತ್ತದೆ ಎಂದರೆ ಕಾರ್ಯನಿರ್ವಾಹಕ ಅಧಿಕಾರಿ (ಇಒ) ಸಾಹೇಬರು ಎಲ್ಲರೆದುರು ಉತ್ತರ ಕೊಡಬೇಕಿತ್ತು. ಈಗ ಅದೇ ಮಾತನ್ನು ಶಾಸಕರ ಮನೆ ಬಾಗಿಲಲ್ಲಿ, ಚಪ್ಪಲಿ ಬಿಟ್ಟು, ಪಿಎ ಕರೆದಾಗ ಹೇಳಬೇಕು. ಇದನ್ನು ದರಬಾರು ಎನ್ನದೆ ಇನ್ನೇನೆನ್ನಲಿ? ಎರಡನೇ ಸಾಲಿನ ನಾಯಕರು ಬೆಳೆದರೆ ಮೊದಲ ಸಾಲಿನವರಿಗೆ ನಿದ್ದೆ ಬರುವುದಿಲ್ಲ, ಅಷ್ಟೇ ಸಂಗತಿ. ಸವದತ್ತಿಯ ಕುರ್ಚಿಯವರಿಗೆ ಗುಡ್ಡದ ಗಾಳಿ ಬಡಿದಿರುತ್ತದೆ, ಅವರಿಗೆ ಗಾದೆ ಹೇಳಿಕೊಡಬೇಕಿಲ್ಲ: ದೇವರು ಕೊಟ್ಟರೂ ಪೂಜಾರಿ ಕೊಡ. ಅವರ ಊರಿನ ರಟ್ಟರು ಮಾನ್ಯಖೇಟದ ರಾಷ್ಟ್ರಕೂಟರಿಗೆ, ಆಮೇಲೆ ಕಲ್ಯಾಣದ ಚಾಲುಕ್ಯರಿಗೆ ತಲೆಬಾಗಿದರೂ ಸುಗಂಧವರ್ತಿಯ, ಅಂದರೆ ಇಂದಿನ ಸವದತ್ತಿಯ, ಆಡಳಿತವನ್ನು ತಾವೇ ನಡೆಸಿಕೊಂಡರು. ಚಕ್ರವರ್ತಿಗಳೂ ಇಷ್ಟು ಬಿಟ್ಟುಕೊಡುತ್ತಿದ್ದರು.

ಇನ್ನು ರಾಮದುರ್ಗದ ಕುರ್ಚಿಯವರೇ, ನಿಮ್ಮೂರಿನ ನೆನಪು ಕಹಿಯಾದದ್ದು. ಭಾವೆ ಅರಸರ ಸಂಸ್ಥಾನದಲ್ಲಿ ಜನ ಪ್ರಜಾಸಂಘ ಕಟ್ಟಿ ಅಧಿಕಾರದಲ್ಲಿ ಪಾಲು ಕೇಳಿದರು. 1939ರ ಏಪ್ರಿಲ್ 7ರಂದು ಸಿಟ್ಟು ಸಿಡಿಯಿತು. ಪೊಲೀಸರು ಸತ್ತರು, ಆಮೇಲೆ ನಮ್ಮವರು ಗಲ್ಲಿಗೇರಿದರು. ಅದೇ ವರ್ಷದ ಜನವರಿಯಲ್ಲಿ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ ಬೇರೆ ದಾರಿ ಹಿಡಿದಿದ್ದರು. ಗಾಂಧೀಜಿಯ ಸಲಹೆ ಪಡೆದು ಅಧಿಕಾರವನ್ನು ಪ್ರಜೆಗಳಿಗೆ ಒಪ್ಪಿಸಿದರು. ಹಳ್ಳಿಗೊಂದು ಪಂಚಾಯತಿ, ಆ ಪಂಚಾಯತಿಗಳ ಅಧ್ಯಕ್ಷರು ಸೇರಿ ತಾಲೂಕು ಸಭೆ, ಅಲ್ಲಿಂದ ಆಯ್ದವರು ಸಂಸ್ಥಾನದ ಸಭೆಗೆ. ಔಂಧ್ ಸತಾರದ ಕಡೆಯದು ಎಂದು ತಳ್ಳಿಹಾಕಬೇಡಿ. ನಮ್ಮ ವಿಜಾಪುರ ಜಿಲ್ಲೆಯ ಗುಣದಾಳವೂ ಆ ಸಂಸ್ಥಾನಕ್ಕೆ ಸೇರಿತ್ತು. ಅಂದರೆ 1939ರಲ್ಲಿ ಒಬ್ಬ ಅರಸ ತಾಲೂಕಿಗೆ ಜನರ ಸಭೆ ಕೊಟ್ಟಿದ್ದ. 2024ರಲ್ಲಿ ಗಣರಾಜ್ಯವೊಂದು ನಮ್ಮ ನಾಲ್ಕು ತಾಲೂಕುಗಳ ಸಭೆಗೆ ಬೀಗ ಹಾಕಿದೆ.

ಅರಸರ ಮಾತು ಬಂದದ್ದಕ್ಕೆ ಭೂತಾನದ ಸುದ್ದಿಯನ್ನೂ ತಿಳಿಸಿಬಿಡುತ್ತೇನೆ. ಅಲ್ಲಿಯ 2008ರ ಸಂವಿಧಾನದಂತೆ ರಾಜನಿಗೆ 65 ವರ್ಷ ತುಂಬಿದರೆ ಪಟ್ಟದಿಂದ ಇಳಿಯಲೇಬೇಕು. ಆಡಳಿತಾಧಿಕಾರಿ ಎಂಬ ಹುದ್ದೆಗೆ ಮಾತ್ರ ವಯಸ್ಸಾಗುವುದಿಲ್ಲ. ಒಬ್ಬರು ವರ್ಗವಾದರೆ ಇನ್ನೊಬ್ಬರು.

ನನ್ನ ಬೇಡಿಕೆ ದೊಡ್ಡದಲ್ಲ. ಚುನಾವಣೆ ಮಾಡಿಸುವ ಶಕ್ತಿ ನಿಮಗಿಲ್ಲ, ನನಗೂ ಇಲ್ಲ. ನನ್ನ ಹತ್ತಿರ ಇರುವ ಒಂದೇ ಒಂದು ಓಟನ್ನು ಯಾರೂ ಕೇಳುತ್ತಿಲ್ಲ. ಗೆದ್ದಲು ಹತ್ತದಂತೆ ನೋಡಿಕೊಳ್ಳಿ. ಯಾರಾದರೂ ನಿಮ್ಮ ಮೇಲೆ ಹಳೇ ಫೈಲು ಒಟ್ಟಿದರೆ ಸಹಿಸಿಕೊಳ್ಳಿ. ಆದರೆ ಸಂತೆ ದಿನದ ಬಸ್ಸಿನಲ್ಲಿ ಸೀಟು ಹಿಡಿಯುವ ಹಾಗೆ ಯಾರಾದರೂ ಕಿಟಕಿಯಿಂದ ಕೈ ಹಾಕಿ ನಿಮ್ಮ ಮೇಲೆ ಟವೆಲ್ಲು ಒಗೆದರೆ ಮಾತ್ರ ತಕ್ಷಣ ತಿಳಿಸಿ. ಚುನಾವಣೆ ಹತ್ತಿರ ಬಂತು ಎಂದು ನಮಗೆ ಗೊತ್ತಾಗುವುದೇ ಹಾಗೆ.

ತಮ್ಮ ವಿಶ್ವಾಸಿ,
2016ರಲ್ಲಿ ಓಟು ಹಾಕಿದ್ದ ಒಬ್ಬ ಮತದಾರ